ಮೂರನೇ ದಿನದ ಊತ

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಡೇರಿಗೆ ಹಾಲು ಹಾಕಲು ಹೊರಟ ನನ್ನ ಸೋದರಮಾವ ಹೊಸಿಲು ದಾಟುವಷ್ಟರಲ್ಲಿ ಕ್ಯಾನ್ ಕೈಬಿಟ್ಟರು. ಹಾಲೆಲ್ಲ ಜಗಲಿಯ ಮೇಲೆ ಹರಿಯಿತು. ಬೈಯುತ್ತಲೇ ಹೊರಬಂದ ಅತ್ತೆ ನೋಡಿದರೆ, ಮಾವನ ಬಲಗೈ ಜೋತುಬಿದ್ದಿದೆ, ಬಾಯಿ ಎಡಕ್ಕೆ ಎಳೆದುಕೊಂಡಿದೆ, ಏನನ್ನೋ ಹೇಳಲು ಒದ್ದಾಡುತ್ತಿದ್ದಾರೆ. ಪಾಂಡವಪುರದ ಕಡೆಯ ಹಳ್ಳಿ ಅದು. ನೆರೆಯವರು ನೋಡಿದ ಕೂಡಲೇ ‘ಲಕ್ವ ಹೊಡೆದಿದೆ’ ಎಂದರು. ರೋಗದ ಗುರುತು ಹಿಡಿಯುವುದರಲ್ಲಿ ಯಾರೂ ತಪ್ಪಲಿಲ್ಲ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಲಕ್ವಕ್ಕೆ ಸೊಪ್ಪಿನ ರಸ ಕೊಡುವವರೊಬ್ಬರಿದ್ದಾರೆ, ಮೊದಲು ಅಲ್ಲಿಗೆ ಹೋಗೋಣ ಎಂದು ಕಾರು ಹತ್ತಿಸಿದರು. ಮೈಸೂರಿನ ಆಸ್ಪತ್ರೆ ತಲುಪುವಾಗ ಮಧ್ಯಾಹ್ನ ಎರಡು ಗಂಟೆ.

ಮಂಗಳವಾರ ಮಾವ ಪರವಾಗಿಲ್ಲ ಎನ್ನುವಂತಿದ್ದರು. ಮಾತಿಲ್ಲ, ಬಲಗೈ ಬಲಗಾಲು ಇಲ್ಲ, ಆದರೆ ನನ್ನನ್ನು ಗುರುತು ಹಿಡಿದು ಎಡಗೈಯಿಂದ ನನ್ನ ಕೈ ಅಮುಕಿದರು. ಬುಧವಾರ ಬೆಳಗಿನ ಜಾವಕ್ಕೆ ಮಂಪರು. ಕರೆದರೆ ಕಣ್ಣು ಬಿಡಲು ಕಷ್ಟ. ವೈದ್ಯರು ಎರಡನೇ ಸಲ ಸ್ಕ್ಯಾನ್ ಮಾಡಿಸಿ, ‘ಮಿದುಳು ಊದಿಕೊಂಡಿದೆ, ತಲೆಬುರುಡೆಯ ಒಂದು ಭಾಗ ತೆಗೆಯಬೇಕು’ ಎಂದರು. ಆಸ್ಪತ್ರೆಯ ಹೊರಗೆ ಚಹಾ ಅಂಗಡಿಯ ಮುಂದೆ ನಿಂತಿದ್ದ ನೆಂಟರ ತೀರ್ಪು ಒಂದೇ: ‘ಇಲ್ಲಿಗೆ ಸೇರಿಸಿದ ಮೇಲೇ ಕೆಟ್ಟಿದ್ದು.’

ನಾನು ಅಂದು ಉತ್ತರ ಕೊಡಲಿಲ್ಲ, ಏಕೆಂದರೆ ನನ್ನಲ್ಲಿ ಉತ್ತರವಿರಲಿಲ್ಲ. ರಕ್ತನಾಳ ಕಟ್ಟಿಕೊಂಡದ್ದು ಸೋಮವಾರ. ಆಗುವ ಹಾನಿ ಅಂದೇ ಆಗಿ ಮುಗಿಯಬೇಕಿತ್ತಲ್ಲವೇ? ಮಂಗಳವಾರ ಕೈ ಅಮುಕಿದ ಮನುಷ್ಯ ಬುಧವಾರ ಏಕೆ ಜಾರಿದರು? ಈ ಪ್ರಶ್ನೆಯ ಹಿಂದೆ ಬಿದ್ದು ಓದಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಿದುಳಿನ ಉರಿಯೂತವನ್ನೇ ಕೆಲಸ ಮಾಡಿಕೊಂಡ ಒಬ್ಬ ವಿಜ್ಞಾನಿಯ ಕಥೆಯೂ ಅದರೊಳಗೆ ಬರುತ್ತದೆ.

ಮಿದುಳು ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಅಂಗ. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಸುಮಾರು ಶೇ 20 ಅದಕ್ಕೇ ಬೇಕು. ಕೂಡಿಡುವ ಅಭ್ಯಾಸ ಅದಕ್ಕಿಲ್ಲ. ಹೊತ್ತಿನ ಊಟ ಹೊತ್ತಿಗೆ ಬರಬೇಕು. ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ರಕ್ತನಾಳ ಒಡೆದು ರಕ್ತ ಸೋರುವುದು ಒಂದು, ರಕ್ತದ ಹೆಪ್ಪು ಸಿಕ್ಕಿ ನಾಳ ಕಟ್ಟಿಕೊಳ್ಳುವುದು ಇನ್ನೊಂದು. ಹೆಚ್ಚಿನವು ಎರಡನೆಯ ಬಗೆಯವು, ಮಾವನದೂ ಅದೇ.

ನಾಲೆಯ ಕೆಳಗೆ ಬೇಸಾಯ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕವಲಿನಲ್ಲಿ ತೂಬು ಮುಚ್ಚಿಕೊಂಡಿತು ಎನ್ನಿ. ಅದೇ ತೂಬನ್ನು ನಂಬಿದ ಗದ್ದೆಗಳು ತಕ್ಷಣ ಒಣಗುತ್ತವೆ. ಅಂಚಿನ ಗದ್ದೆಗಳಿಗೆ ಪಕ್ಕದ ಕಾಲುವೆಯಿಂದ ಬಸಿನೀರು ಅಷ್ಟಿಷ್ಟು ಬರುತ್ತಿರುತ್ತದೆ. ಅಲ್ಲಿ ಪೈರು ಬಾಡಿದೆ, ಸತ್ತಿಲ್ಲ. ಮಳವಳ್ಳಿ, ಮದ್ದೂರು ಕಡೆಯ ಕೊನೆಭಾಗದ ರೈತರು ಪ್ರತಿ ಬೇಸಿಗೆಯಲ್ಲೂ ಕಾಣುವ ದೃಶ್ಯ ಅದು. ಮಿದುಳಿನಲ್ಲೂ ಹೀಗೆಯೇ. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಅದು 20ಕ್ಕಿಂತ ಕೆಳಗಿಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಜೀವ ಹಿಡಿದಿರುತ್ತವೆ. 10ಕ್ಕಿಂತ ಕೆಳಗೆ ಹೋದರೆ ನಿಮಿಷಗಳಲ್ಲಿ ಸಾಯುತ್ತವೆ. ಬಾಡಿದ ಆದರೆ ಸಾಯದ ಈ ಅಂಚಿಗೆ 1977ರಲ್ಲಿ ಆಸ್ಟ್ರಪ್ ಮತ್ತು ಸಂಗಡಿಗರು ಗ್ರಹಣದ ಭಾಷೆಯಿಂದ ಹೆಸರು ತೆಗೆದುಕೊಂಡರು: ಪೆನಂಬ್ರಾ, ಎಂದರೆ ಅರೆನೆರಳು.

ಚಿಕಿತ್ಸೆಯ ಆತುರವೆಲ್ಲ ಈ ಅರೆನೆರಳಿಗಾಗಿ. ದೊಡ್ಡ ನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಅಮೆರಿಕದ ನರವೈದ್ಯ ಜೆಫ್ರಿ ಸೇವರ್ ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಔಷಧಿಯ ಗುಣ 1995ರ ಪರೀಕ್ಷೆಯಲ್ಲಿ ಸಾಬೀತಾದಾಗ ಅದಕ್ಕೆ ಇದ್ದ ಗಡುವು ಮೂರು ಗಂಟೆ. 2008ರಲ್ಲಿ ಅದು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. 2015ರಿಂದೀಚೆಗೆ, ತೊಡೆಸಂದಿಯ ನಾಳದ ಮೂಲಕ ತಂತಿ ಕಳುಹಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ ನೆಲೆಯೂರಿದೆ; ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಅದು ಫಲ ಕೊಡಬಲ್ಲದು ಎಂದು 2018ರಲ್ಲಿ ಗೊತ್ತಾಯಿತು. ಬೆಳಿಗ್ಗೆ ಆರಕ್ಕೆ ಬಿದ್ದ ಮಾವನಿಗೆ ಇಂಜೆಕ್ಷನ್ನಿನ ಗಡುವು ಹತ್ತೂವರೆಗೆ ಮುಗಿದಿತ್ತು. ಆ ಹೊತ್ತಿಗೆ ಅವರು ಸೊಪ್ಪಿನ ರಸಕ್ಕಾಗಿ ಸಾಲಿನಲ್ಲಿ ಕುಳಿತಿದ್ದರು.

ಸೊಪ್ಪಿನ ರಸದವರಿಗೆ, ಕೈಕಾಲಿಗೆ ಪಾರಿವಾಳದ ರಕ್ತ ಹಚ್ಚುವವರಿಗೆ ಇಷ್ಟು ಹೆಸರು ಬಂದದ್ದಾದರೂ ಹೇಗೆ? ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ ಎಂದು ನನಗನ್ನಿಸುತ್ತದೆ. ಮುಖದ ನರವೊಂದು ಊದಿಕೊಂಡು ಬಾಯಿ ಸೊಟ್ಟಗಾಗುವ ಬೆಲ್ಸ್ ಪಾಲ್ಸಿಯನ್ನೂ ನಾವು ಲಕ್ವವೆಂದೇ ಕರೆಯುತ್ತೇವೆ. ಅದಕ್ಕೂ ಮಿದುಳಿನ ರಕ್ತನಾಳಕ್ಕೂ ಸಂಬಂಧವಿಲ್ಲ. ಅದು ಬಂದವರಲ್ಲಿ ಹೆಚ್ಚಿನವರು ಯಾವ ಔಷಧಿ ಇಲ್ಲದಿದ್ದರೂ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತಾರೆ. ಎರಡು ರೋಗಕ್ಕೆ ಒಂದೇ ಹೆಸರು. ತಾನಾಗಿ ವಾಸಿಯಾಗುವ ಒಂದರ ಕೀರ್ತಿಯನ್ನು ನಂಬಿ ಇನ್ನೊಂದರ ರೋಗಿಗಳು ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಬಾಯಿಯ ಜೊತೆ ಕೈಯೋ ಕಾಲೋ ಮಾತೋ ಕೆಟ್ಟಿದ್ದರೆ ಅದು ಮುಖದ ನರದ ತೊಂದರೆಯಲ್ಲ, ಮಿದುಳಿನದು.

ಇನ್ನು ಮೂರನೇ ದಿನದ ಪ್ರಶ್ನೆ. ಅದಕ್ಕೆ ಮೊದಲು ಒಂದು ಪದ. ಇಂಗ್ಲಿಷಿನ ಇನ್ಫ್ಲಮೇಶನ್‌ಗೆ ಕನ್ನಡದಲ್ಲಿ ಉರಿಯೂತ ಎಂದು ಮಾಡಿದವರು ಯಾರೋ ತಿಳಿಯದು, ಆದರೆ ಅವರು ಪದ ಬಲ್ಲವರು. ಉರಿ ಮತ್ತು ಊತ. ಕ್ರಿಸ್ತಶಕ ಮೊದಲನೇ ಶತಮಾನದಲ್ಲಿ ರೋಮಿನ ಸೆಲ್ಸಸ್ ಇದರ ಲಕ್ಷಣಗಳನ್ನು ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕಾಗಿ ಹೇಳಿದ್ದ. ಕಾಲಿಗೆ ಮುಳ್ಳು ಚುಚ್ಚಿದಾಗ ಈ ನಾಲ್ಕೂ ಎದ್ದು ಕಾಣುತ್ತವೆ. ಮಿದುಳಿನೊಳಗಾದರೆ ಉರಿ ತಿಳಿಯುವುದಿಲ್ಲ, ಏಕೆಂದರೆ ನೋವು ಗ್ರಹಿಸುವ ನರತುದಿಗಳು ಮಿದುಳಿನಲ್ಲೇ ಇಲ್ಲ. ಊತ ಮಾತ್ರ ಇರುತ್ತದೆ. ಕಾಲು ಊದಿಕೊಂಡರೆ ಚಪ್ಪಲಿ ಬಿಡಬಹುದು. ಮಿದುಳಿನ ಸುತ್ತ ಮೂಳೆಯ ಡಬ್ಬಿ. ಊದಿಕೊಂಡ ಭಾಗಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಚೆನ್ನಾಗಿರುವ ಭಾಗವನ್ನೇ ಒತ್ತುತ್ತದೆ, ಕೊನೆಗೆ ಉಸಿರಾಟ ನಡೆಸುವ ಮಿದುಳಿನ ಕಾಂಡವನ್ನೂ.

ಈ ಊತ ಕಟ್ಟಿಕೊಳ್ಳುವ ಬಗೆಯನ್ನು ಮೊದಲ ನಿಮಿಷದಿಂದ ನೋಡಬೇಕು. ಪ್ರತಿಯೊಂದು ನರಕೋಶವೂ ಒಳನುಗ್ಗುವ ಸೋಡಿಯಂ ಅನ್ನು ಹಗಲಿರುಳು ಹೊರಕ್ಕೆ ಎತ್ತಿಹಾಕುತ್ತಿರುತ್ತದೆ. ರಕ್ತ ನಿಂತರೆ ಶಕ್ತಿಯಿಲ್ಲ. ಕರೆಂಟು ಹೋದ ಪಂಪ್‌ಸೆಟ್ಟಿನಂತೆ ಆ ಕೆಲಸ ನಿಲ್ಲುತ್ತದೆ. ಸೋಡಿಯಂ ಒಳಗೆ ಬರುತ್ತದೆ, ಅದರ ಹಿಂದೆ ನೀರು. ಕೋಶ ಉಬ್ಬುತ್ತದೆ. ಚಿಟಿಕೆಯಷ್ಟು ಬಳಸಬೇಕಾದ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಒಟ್ಟಿಗೇ ಚೆಲ್ಲಿ ಪಕ್ಕದ ಕೋಶಗಳನ್ನೂ ಕೆರಳಿಸುತ್ತದೆ. ಕೊನೆಗೆ ಕೋಶಗಳು ಒಡೆದು ಒಳಗಿನ ಸರಕೆಲ್ಲ ಹೊರಬೀಳುತ್ತದೆ.

ಸೋಮವಾರದ ಹಾನಿ ಇಷ್ಟು. ಬುಧವಾರದ ಹಾನಿ ಶುರುವಾಗುವುದು ಆ ಚೆಲ್ಲಿದ ಸರಕಿನಿಂದ. ಜೀವಕೋಶದ ಒಳಗೆ ಇದ್ದು ಅದಕ್ಕೆ ಶಕ್ತಿ ಒದಗಿಸಬೇಕಾದ ಎ.ಟಿ.ಪಿ.ಯಂಥ ವಸ್ತು ಹೊರಗೆ ಕಂಡಿತೆಂದರೆ, ಯಾವುದೋ ಕೋಶ ಒಡೆದಿದೆ ಎಂದರ್ಥ. ಈ ಅರ್ಥ ಬಲ್ಲ ಕೋಶಗಳು ಮಿದುಳಿನಲ್ಲೇ ನೆಲೆಸಿವೆ. ಅವುಗಳ ಹೆಸರು ಮೈಕ್ರೊಗ್ಲಿಯಾ. 1919ರಲ್ಲಿ ಸ್ಪೇನಿನ ಪೀಯೊ ದೆಲ್ ರೀಯೊ ಒರ್ತೇಗಾ ಗುರುತಿಸಿ ಹೆಸರಿಟ್ಟ ಕೋಶಗಳು. ಏನೂ ಆಗದಿದ್ದಾಗ ಇವು ಸುಮ್ಮನೆ ಬಿದ್ದಿರುತ್ತವೆ ಎಂದೇ ಬಹುಕಾಲ ತಿಳಿಯಲಾಗಿತ್ತು. 2005ರಲ್ಲಿ ಜೀವಂತ ಇಲಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಬೇರೆಯೇ ಕಂಡಿತು. ಕೋಶ ನಿಂತಲ್ಲೇ ನಿಂತಿದೆ, ಆದರೆ ಅದರ ಕೈಗಳು ಕ್ಷಣ ಬಿಡದೆ ಸುತ್ತಲಿನ ಜಾಗವನ್ನು ತಡವುತ್ತಿವೆ. ನಮ್ಮ ಕಡೆಯ ನೀರುಗಂಟಿಯ ಕೆಲಸ ಇದು. ಬದುವಿನ ಮೇಲೆ ಅಡ್ಡಾಡುತ್ತಾ, ಎಲ್ಲಿ ಏರಿ ಕುಸಿದಿದೆ, ಎಲ್ಲಿ ಏಡಿ ಬಿಲ ತೋಡಿದೆ ಎಂದು ನೋಡುತ್ತಲೇ ಇರುವುದು.

ಒಡೆದ ಕೋಶಗಳ ಸುಳಿವು ಸಿಕ್ಕಿದ ಮೈಕ್ರೊಗ್ಲಿಯಾ ಕೂಗು ಹಾಕುತ್ತದೆ. ಆ ಕೂಗು ಎಂದರೆ ಇಂಟರ್‌ಲೂಕಿನ್-1, ಟಿ.ಎನ್.ಎಫ್. ಎಂಬ ಪ್ರೋಟೀನುಗಳು. ಅವುಗಳ ಪ್ರಭಾವದಿಂದ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ರಕ್ತದಲ್ಲಿ ಹರಿದುಹೋಗುತ್ತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಅಲ್ಲಿ ಸಿಕ್ಕಿಕೊಂಡು, ಗೋಡೆ ತೂರಿ ಒಳಗೆ ಬರುತ್ತವೆ. ಕೆಲವೇ ಗಂಟೆಗಳಲ್ಲಿ ಬರಲು ಶುರು, ಒಂದರಿಂದ ಮೂರು ದಿನಗಳಲ್ಲಿ ದೊಡ್ಡ ದಂಡು. ಬರುವುದು ದೂರದ ಮೂಳೆಗಳಿಂದ ಮಾತ್ರವಲ್ಲ. ತಲೆಬುರುಡೆಯ ಮಜ್ಜೆಯಿಂದ ಮಿದುಳಿನ ಹೊದಿಕೆಗೆ ನೇರವಾಗಿ ಇಳಿಯುವ ಸಣ್ಣ ಸುರಂಗಗಳಿವೆ, ಅವುಗಳ ಮೂಲಕವೂ ಬರುತ್ತವೆ ಎಂದು 2018ರಲ್ಲಿ ಇಲಿಗಳಲ್ಲಿ ಕಂಡುಕೊಂಡರು. ಮನುಷ್ಯರ ಬುರುಡೆಯಲ್ಲೂ ಅಂಥ ಸುರಂಗಗಳನ್ನು ಅದೇ ಅಧ್ಯಯನ ತೋರಿಸಿತು. ಶತಮಾನಗಳಿಂದ ಕೊಯ್ದು ನೋಡುತ್ತಾ ಬಂದ ಅಂಗದಲ್ಲಿ ಮೊನ್ನೆ ಮೊನ್ನೆಯವರೆಗೆ ಬಾಗಿಲುಗಳು ಕಾಣದೇ ಇದ್ದವು ಎನ್ನುವುದು ನನಗೆ ಇವತ್ತಿಗೂ ಸೋಜಿಗ.

ನ್ಯೂಟ್ರೊಫಿಲ್‌ಗಳು ಬಂದದ್ದು ಸೋಂಕಿನ ವಿರುದ್ಧ ಹೋರಾಡುವ ಸಿದ್ಧತೆಯಲ್ಲಿ. ಇಲ್ಲಿ ಯಾವ ರೋಗಾಣುವೂ ಇಲ್ಲ, ಆದರೂ ಅವು ಆಯುಧ ಬಿಚ್ಚುತ್ತವೆ. ಅವುಗಳಲ್ಲೊಂದು ಎಂ.ಎಂ.ಪಿ.-9 ಎಂಬ ಕಿಣ್ವ. ಕೋಶಗಳ ನಡುವಿನ ಕಟ್ಟನ್ನು ಕತ್ತರಿಸುವುದು ಅದರ ಕಸುಬು. ಅದು ಕತ್ತರಿಸುವುದು ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯನ್ನು. ಸಾಮಾನ್ಯವಾಗಿ ಆ ಗೋಡೆ ಎಷ್ಟು ಬಿಗಿಯೆಂದರೆ, ರಕ್ತಕ್ಕೆ ಚುಚ್ಚಿದ ಬಣ್ಣ ದೇಹಕ್ಕೆಲ್ಲ ಹರಡಿದರೂ ಮಿದುಳಿಗೆ ಮಾತ್ರ ಹತ್ತದೆ ಇದ್ದುದನ್ನು 1885ರಲ್ಲೇ ಪಾಲ್ ಎರ್ಲಿಖ್ ಕಂಡಿದ್ದರು. ಅಂಥ ಗೋಡೆ ಈಗ ಜಾಳುಜಾಳು. ರಕ್ತದ ನೀರು, ಪ್ರೋಟೀನು ಎಲ್ಲ ಒಳಗೆ ಇಳಿಯುತ್ತವೆ. ಮೊದಲ ದಿನ ಒಂದೊಂದು ಕೋಶ ಉಬ್ಬಿದ್ದರ ಮೇಲೆ ಈಗ ಕೋಶಗಳ ನಡುವಿನ ಜಾಗವೂ ಜವುಗು. ಊತ ತುದಿ ಮುಟ್ಟುವುದು ಸಾಮಾನ್ಯವಾಗಿ ಎರಡರಿಂದ ಐದನೇ ದಿನದ ನಡುವೆ.

ಮಾವನ ಬುಧವಾರ ಅಂದರೆ ಇದು. ಆಸ್ಪತ್ರೆಗೆ ಸೇರಿಸಿದ್ದರಿಂದ ಆದದ್ದಲ್ಲ. ಸೇರಿಸದೆ ಮನೆಯಲ್ಲೇ ಮಲಗಿಸಿದ್ದರೂ ಬುಧವಾರ ಬರುತ್ತಿತ್ತು, ಆದರೆ ಬುರುಡೆ ತೆರೆಯಲು ಯಾರೂ ಇರುತ್ತಿರಲಿಲ್ಲ.

ಆ ಶಸ್ತ್ರಚಿಕಿತ್ಸೆಯ ತರ್ಕ ಸರಳ: ಡಬ್ಬಿಯ ಮುಚ್ಚಳ ತೆಗೆದರೆ ಮಿದುಳಿಗೆ ಊದಿಕೊಳ್ಳಲು ಜಾಗ ಸಿಗುತ್ತದೆ. ಅರವತ್ತು ದಾಟದವರಿಗೆ 48 ಗಂಟೆಯೊಳಗೆ ಇದನ್ನು ಮಾಡಿದ ಮೂರು ಯುರೋಪಿಯನ್ ಪರೀಕ್ಷೆಗಳನ್ನು 2007ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಒಂದು ವರ್ಷದ ನಂತರ ಬದುಕಿದ್ದವರು ಶೇ 78. ಶಸ್ತ್ರಚಿಕಿತ್ಸೆ ಆಗದವರಲ್ಲಿ ಶೇ 29. ಬದುಕಿದವರೆಲ್ಲ ಮೊದಲಿನಂತಾಗುವುದಿಲ್ಲ ಎಂಬುದನ್ನೂ ವೈದ್ಯರು ಮುಚ್ಚಿಡದೆ ಹೇಳಿದರು. ಮಾವನಿಗೆ ಐವತ್ತೇಳು. ಅತ್ತೆ ಸಹಿ ಹಾಕಿದರು. ತೆಗೆದ ಮೂಳೆಯನ್ನು ಹೊಟ್ಟೆಯ ಚರ್ಮದಡಿ ಹುದುಗಿಸಿಟ್ಟಿದ್ದಾರೆ, ತಿಂಗಳುಗಳ ನಂತರ ವಾಪಸು ಇಡುತ್ತಾರೆ ಎಂದಾಗ ಚಹಾ ಅಂಗಡಿಯ ಮುಂದೆ ಮತ್ತೊಂದು ಸಭೆ ಸೇರಿತು. ಅದೇನೂ ಹೊಸ ಕ್ರಮವಲ್ಲ; ಮೂಳೆ ಕೆಡದಂತೆ ಇಡಲು ದೇಹಕ್ಕಿಂತ ಅಗ್ಗದ ಜಾಗ ಇಲ್ಲ.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಹೊಳೆಯುವ ಪ್ರಶ್ನೆ: ಬುರುಡೆ ತೆರೆಯುವ ಬದಲು ಉರಿಯೂತವನ್ನೇ ಆರಿಸಬಾರದೇ? ಕೂಗು ಹಾಕುವವನ ಬಾಯಿ ಮುಚ್ಚಿಸಿದರೆ ದಂಡೇ ಬರುವುದಿಲ್ಲವಲ್ಲ?

ಇದೇ ಪ್ರಶ್ನೆಯ ಹಿಂದೆ ಮೂರು ದಶಕ ಕಳೆದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ನ್ಯಾನ್ಸಿ ರಾಥ್‌ವೆಲ್. ಅವರು ಮಿದುಳಿನಿಂದ ಶುರು ಮಾಡಿದವರಲ್ಲ. ಹೆಚ್ಚಾಗಿ ತಿಂದ ಅನ್ನವನ್ನು ದೇಹ ಹೇಗೆ ಬಿಸಿಯಾಗಿ ಉರಿಸುತ್ತದೆ ಎಂಬುದು ಅವರ ಮೊದಲ ವಿಷಯ. 1979ರಲ್ಲಿ ಮೈಕಲ್ ಸ್ಟಾಕ್ ಜೊತೆ, ಮೈಯಲ್ಲಿ ಬಿಸಿ ಹುಟ್ಟಿಸುವ ಕಂದು ಕೊಬ್ಬಿನ ಬಗ್ಗೆ ಪ್ರಕಟಿಸಿದ ಲೇಖನದಿಂದ ಹೆಸರಾದರು. ಅಲ್ಲಿಂದ ಜ್ವರದ ಕಡೆ ಹೊರಳಿದರು. ಕಾಯಿಲೆ ಬಿದ್ದಾಗ ಮೈ ಬಿಸಿಯಾಗುವುದು, ಹಸಿವು ಸಾಯುವುದು, ತೂಕ ಇಳಿಯುವುದು ಇವೆಲ್ಲ ಮಿದುಳಿನ ಮೂಲಕವೇ ನಡೆಯುತ್ತವೆ, ಮತ್ತು ಅದನ್ನು ನಡೆಸುವ ಮುಖ್ಯ ಪ್ರೋಟೀನು ಇಂಟರ್‌ಲೂಕಿನ್-1. ಜ್ವರ ಬರಿಸುವ ಪ್ರೋಟೀನು ಗಾಯಗೊಂಡ ಮಿದುಳಿನಲ್ಲಿ ಏನು ಮಾಡುತ್ತಿರಬಹುದು? 1992ರಲ್ಲಿ ಜೇನ್ ರೆಲ್ಟನ್ ಮತ್ತು ರಾಥ್‌ವೆಲ್ ಇಲಿಗಳಲ್ಲಿ ಪಾರ್ಶ್ವವಾಯು ಉಂಟುಮಾಡಿ, ಇಂಟರ್‌ಲೂಕಿನ್-1 ಅನ್ನು ತಡೆಯುವ ಇನ್ನೊಂದು ಪ್ರೋಟೀನನ್ನು ಕೊಟ್ಟರು. ಮಿದುಳಿನ ಹಾನಿ ಗಣನೀಯವಾಗಿ ತಗ್ಗಿತು.

ಈ ತಡೆಪ್ರೋಟೀನು ಹೊರಗಿನದಲ್ಲ. ಕೂಗು ಹಾಕುವ ದೇಹವೇ ಕೂಗು ನಿಲ್ಲಿಸುವುದನ್ನೂ ಮಾಡಿಕೊಂಡಿರುತ್ತದೆ. ಅದರ ಕಾರ್ಖಾನೆಯ ರೂಪವಾದ ಅನಕಿನ್ರಾಕ್ಕೆ 2001ರಲ್ಲಿ ಅಮೆರಿಕದಲ್ಲಿ ಸಂಧಿವಾತದ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಎಂದರೆ ಮನುಷ್ಯರಿಗೆ ಕೊಡಬಹುದಾದ ಔಷಧಿ ಕೈಯಲ್ಲೇ ಇತ್ತು. 2005ರಲ್ಲಿ ಮ್ಯಾಂಚೆಸ್ಟರಿನ ತಂಡ 34 ಪಾರ್ಶ್ವವಾಯು ರೋಗಿಗಳಲ್ಲಿ ನಡೆಸಿದ ಸಣ್ಣ ಪರೀಕ್ಷೆಯಲ್ಲಿ ಅಪಾಯವೇನೂ ಕಾಣಲಿಲ್ಲ. 2018ರಲ್ಲಿ 80 ರೋಗಿಗಳ ಪರೀಕ್ಷೆಯ ಫಲ ಬಂತು: ಐದು ಗಂಟೆಯೊಳಗೆ ಶುರು ಮಾಡಿ ಮೂರು ದಿನ, ದಿನಕ್ಕೆರಡು ಇಂಜೆಕ್ಷನ್. ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. ರೋಗಿಗಳ ಚೇತರಿಕೆಯಲ್ಲಿ ಮಾತ್ರ ಹೆಚ್ಚಳ ಕಾಣಲಿಲ್ಲ. ಹೆಪ್ಪು ಕರಗಿಸುವ ಔಷಧಿಗೂ ಇದಕ್ಕೂ ಹೊಂದಿಕೆಯಾಗುತ್ತಿಲ್ಲವೇನೋ ಎಂಬ ಅನುಮಾನವನ್ನು ಸಂಶೋಧಕರೇ ಮುಂದಿಟ್ಟರು.

ಇಪ್ಪತ್ತಾರು ವರ್ಷಗಳ ಕೆಲಸಕ್ಕೆ ಇಂಥ ಫಲ ಬಂದಾಗ ಪ್ರಯೋಗಾಲಯದಲ್ಲಿ ಆ ದಿನ ಹೇಗಿತ್ತೋ. ರಾಥ್‌ವೆಲ್ ಆ ವೇಳೆಗೆ ಅದೇ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು, 2010ರಿಂದ 2024ರವರೆಗೆ.

ಅವರೊಬ್ಬರದೇ ಸೋಲಲ್ಲ ಇದು. ನ್ಯೂಟ್ರೊಫಿಲ್‌ಗಳು ನಾಳದ ಗೋಡೆಗೆ ಅಂಟದಂತೆ ತಡೆಯುವ ಎನ್ಲಿಮೊಮ್ಯಾಬ್ ಎಂಬ ಔಷಧಿಯನ್ನು 625 ರೋಗಿಗಳ ಪರೀಕ್ಷೆಯಲ್ಲಿ ನೋಡಿದ್ದರು. 2001ರಲ್ಲಿ ವರದಿ ಬಂತು, ಔಷಧಿ ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಕೆಟ್ಟಿತ್ತು. ಊತಕ್ಕೆಲ್ಲ ರಾಮಬಾಣವೆಂದು ನಾವು ನಂಬಿರುವ ಸ್ಟಿರಾಯ್ಡ್ ಈ ಬಗೆಯ ಪಾರ್ಶ್ವವಾಯುವಿನ ಊತಕ್ಕೆ ಉಪಯೋಗವಿಲ್ಲ, ಕೊಡಬೇಡಿ ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಗೌಟ್ ರೋಗಕ್ಕೆ ಕೊಡುವ ಕಾಲ್ಚಿಸಿನ್ ಮರುಕಳಿಸುವ ಪಾರ್ಶ್ವವಾಯುವನ್ನು ತಡೆದೀತೇ ಎಂದು ನೋಡಿದ ಎರಡು ದೊಡ್ಡ ಪರೀಕ್ಷೆಗಳೂ 2024ರಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. (ಬೇಲಿಯಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆ ಗಿಡದಲ್ಲಿರುವ ವಿಷ ಈ ಕಾಲ್ಚಿಸಿನ್ನೇ. ನಾಟಿ ಔಷಧಿಯ ಹುರುಪಿನಲ್ಲಿ ಅದರ ಗೆಡ್ಡೆ ಅರೆಯಲು ಹೋಗಬೇಡಿ, ಜೀವ ಹೋಗುತ್ತದೆ.) 2006ರಲ್ಲಿ ಪ್ರಕಟವಾದ ಒಂದು ಎಣಿಕೆಯಂತೆ, ಅಲ್ಲಿಯವರೆಗೆ ಪಾರ್ಶ್ವವಾಯುವಿಗೆಂದು ಪ್ರಯೋಗಿಸಿ ನೋಡಿದ ಚಿಕಿತ್ಸೆಗಳು 1,026.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಏಕೆ ಸೋಲುತ್ತದೆ? ಪ್ರಯೋಗದ ಇಲಿ ಹರೆಯದ್ದು, ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸೇದಿಲ್ಲ. ಔಷಧಿ ಅದಕ್ಕೆ ಗಡಿಯಾರ ನೋಡಿಕೊಂಡು ಸಿಗುತ್ತದೆ. ಇದು ಅರ್ಧ ಉತ್ತರ. ಉಳಿದರ್ಧ ಉರಿಯೂತದ ಸ್ವಭಾವದಲ್ಲೇ ಇದೆ, ನನಗೆ ಹೆಚ್ಚು ರುಚಿಸಿದ್ದೂ ಅದೇ.

ರಾಥ್‌ವೆಲ್ ತಂಡದಲ್ಲಿ ಕೆಲಸ ಮಾಡಿ ಹಂಗೇರಿಗೆ ಮರಳಿದ ಆಡಮ್ ಡೇನೆಶ್ 2016ರಲ್ಲಿ ಸಂಗಡಿಗರೊಂದಿಗೆ ಒಂದು ನೇರ ಪ್ರಯೋಗ ಮಾಡಿದರು. ಮೈಕ್ರೊಗ್ಲಿಯಾ ತಂಟೆಕೋರರಾದರೆ ಅವುಗಳನ್ನು ಮೊದಲೇ ತೆಗೆದುಹಾಕಿ ನೋಡೋಣ ಎಂದು. ಔಷಧಿಯಿಂದ ಇಲಿಗಳ ಮಿದುಳಿನ ಮೈಕ್ರೊಗ್ಲಿಯಾ ಬಹುಪಾಲು ಇಲ್ಲವಾಗಿಸಿ, ಆಮೇಲೆ ಪಾರ್ಶ್ವವಾಯು ಉಂಟುಮಾಡಿದರು. ಸತ್ತ ಭಾಗ ಕುಗ್ಗಲಿಲ್ಲ, ಶೇ 60ರಷ್ಟು ಹಿಗ್ಗಿತು. ಕೂಗು ಹಾಕುವ ನೀರುಗಂಟಿ ಕೂಗುವುದಷ್ಟೇ ಅಲ್ಲದೆ, ನೆರೆಯ ನರಕೋಶಗಳು ಅತಿಯಾಗಿ ಕೆರಳದಂತೆ ಸಮಾಧಾನಪಡಿಸುವ ಕೆಲಸವನ್ನೂ ಮಾಡುತ್ತಿದ್ದ. ಗೋಡೆ ಕತ್ತರಿಸುವ ಎಂ.ಎಂ.ಪಿ.-9 ಕಥೆ ಇನ್ನೂ ವಿಚಿತ್ರ. ಮೊದಲ ದಿನ ಅದನ್ನು ತಡೆದರೆ ಇಲಿಗೆ ಒಳ್ಳೆಯದು. ಏಳನೇ ದಿನ ತಡೆದರೆ ಕೆಟ್ಟದ್ದು ಎಂದು 2006ರಲ್ಲಿ ಹಾರ್ವರ್ಡ್‌ನ ಒಂದು ತಂಡ ತೋರಿಸಿತು. ಏಕೆಂದರೆ ಆ ವೇಳೆಗೆ ಹೊಸ ರಕ್ತನಾಳ ಬೆಳೆಯಬೇಕು, ನರಗಳು ಹೊಸ ಕವಲು ಚಾಚಬೇಕು. ಅದಕ್ಕೆ ಹಳೆಯ ಕಟ್ಟನ್ನು ಸಡಿಲಿಸಲು ಅದೇ ಕತ್ತರಿ ಬೇಕು. ಸತ್ತ ಕೋಶಗಳ ಹೆಣ ಸಾಗಿಸುವುದು, ಗಾಯದ ಸುತ್ತ ಕಲೆ ಕಟ್ಟುವುದು, ಬೆಳವಣಿಗೆಯ ಪ್ರೋಟೀನು ಸುರಿಸುವುದು ಎಲ್ಲವೂ ಉರಿಯೂತದ ಪಾಲಿನ ಕೆಲಸಗಳು.

ಇದನ್ನು ಅತ್ತೆಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಂದರೆ ರಿಪೇರಿಗೆ ಬಂದವರೇ ಮುರಿದರು ಅನ್ನು.’

‘ಮುರಿದರು. ಆದರೆ ಅವರನ್ನು ಓಡಿಸಿದರೆ ರಿಪೇರಿ ಮಾಡಲು ಬೇರೆಯವರಿಲ್ಲ, ಅತ್ತೆ.’

‘ನಾಲೆ ಹೂಳು ತೆಗೆಯುವವರು ಮೊನ್ನೆ ನಮ್ಮ ಎರಡು ತೆಂಗಿನ ಸಸಿ ಮುರಿದರಪ್ಪ, ಹಾಗೆಯೇ’ ಎಂದರು.

ಹಾಗೆಯೇ. ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು, ಯಾವ ರೋಗಿಯಲ್ಲಿ ಎಷ್ಟು ಎಂಬ ಲೆಕ್ಕವನ್ನು ಈಗಿನ ಸಂಶೋಧಕರು ಹುಡುಕುತ್ತಿದ್ದಾರೆ. ಆರಿಸುವ ಔಷಧಿಗಿಂತ ಪಳಗಿಸುವ ಔಷಧಿ ಬೇಕಾಗಿದೆ.

ಈ ನಡುವೆ ಪ್ರಯೋಗಾಲಯದ ಹೊರಗೆ ದಾದಿಯರ ಕೈಯಲ್ಲಿ ಒಂದು ಗೆಲುವು ದಕ್ಕಿದೆ. ಪಾರ್ಶ್ವವಾಯುವಾದ ಮಿದುಳಿಗೆ ಜ್ವರ ಬಂದರೆ ಹಾನಿ ಹೆಚ್ಚುತ್ತದೆ, ರಕ್ತದ ಸಕ್ಕರೆ ಏರಿದರೂ ಅಷ್ಟೇ. ನುಂಗಲು ಆಗದವರಿಗೆ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮಿದುಳು ಉರಿಯುತ್ತಿರುವಾಗಲೇ ದೇಹದ ಉಳಿದ ಭಾಗದ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಸೋಂಕು ಸುಲಭವಾಗಿ ಹತ್ತುತ್ತದೆ. ಆಸ್ಟ್ರೇಲಿಯಾದ 19 ಪಾರ್ಶ್ವವಾಯು ಘಟಕಗಳಲ್ಲಿ ದಾದಿಯರಿಗೆ ಈ ಮೂರನ್ನು, ಎಂದರೆ ಜ್ವರ, ಸಕ್ಕರೆ, ನುಂಗುವಿಕೆಯನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳುವ ಕ್ರಮ ಕಲಿಸಿ ಪರೀಕ್ಷಿಸಿದರು. 2011ರಲ್ಲಿ ಬಂದ ಫಲ: ಮೂರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಈ ಆರೈಕೆ ಸಿಕ್ಕವರಲ್ಲಿ ಶೇ 42, ಸಿಗದವರಲ್ಲಿ ಶೇ 58. ಥರ್ಮಾಮೀಟರ್, ಪ್ಯಾರಾಸಿಟಮಾಲ್, ಒಂದು ಲೋಟ ನೀರಿನಂಥ ಸಾಮಾನ್ಯ ಸಾಮಗ್ರಿ. ಮಂಗಳವಾರ ಅತ್ತೆ ಮನೆಯಿಂದ ತಂದಿದ್ದ ಗಂಜಿಯನ್ನು ಕಿತ್ತಿಟ್ಟ ದಾದಿಯ ಮೇಲೆ ನಾವೆಲ್ಲ ಸಿಟ್ಟಾಗಿದ್ದೆವು. ಆ ಹುಡುಗಿ ಅಂದು ಮಾಡಿದ್ದು ಇದನ್ನೇ.

ಸೋಂಕಿನ ಪಾತ್ರ ಪಾರ್ಶ್ವವಾಯುವಿಗೆ ಮೊದಲೂ ಇದೆ. ಎದೆಯ ಸೋಂಕು ತಗುಲಿದ ಮೊದಲ ಮೂರು ದಿನಗಳಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಮಾಮೂಲಿಗಿಂತ ಮೂರು ಪಟ್ಟು ಏರುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಜಾಲಾಡಿದ 2004ರ ಅಧ್ಯಯನವೊಂದು ಹೇಳಿತು. ಮೈಯಲ್ಲಿ ಮೊದಲೇ ಉರಿಯೂತವಿದ್ದ ಇಲಿಗಳಿಗೆ ಪಾರ್ಶ್ವವಾಯುವಾದರೆ ಹಾನಿ ಹೆಚ್ಚು ಎಂದು 2007ರಲ್ಲಿ ತೋರಿಸಿದ್ದೂ ರಾಥ್‌ವೆಲ್ ತಂಡವೇ. ಆದರೆ ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿ.ಪಿ. ಮಾವ ಮೂವತ್ತು ವರ್ಷಗಳಿಂದ ಪ್ರತಿದಿನ ಪತ್ರಿಕೆಯಲ್ಲಿ ಮೊದಲು ನೋಡುತ್ತಿದ್ದುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಲೂ ಇದ್ದರು. ಗರಿಷ್ಠ 124.80 ಅಡಿ ಎಂಬುದು ಆ ಮನೆಯ ಮಕ್ಕಳಿಗೂ ಬಾಯಿಪಾಠ. ತನ್ನ ರಕ್ತದೊತ್ತಡ ಎಷ್ಟೆಂದು ಮಾತ್ರ ಅವರು ಒಮ್ಮೆಯೂ ನೋಡಿಸಿರಲಿಲ್ಲ. ಆಸ್ಪತ್ರೆಗೆ ಬಂದಾಗ ಮೇಲಿನ ಸಂಖ್ಯೆ 200 ದಾಟಿತ್ತು.

ಮೂಳೆ ವಾಪಸು ಕೂರಿಸಿದ ಮೇಲೆ ಮಾವನನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಲು ಶುರು ಮಾಡಿದೆವು. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ಅಂಥ ಸಂಸ್ಥೆ ಮನೆಯಿಂದ ಒಂದು ಗಂಟೆಯ ದೂರದಲ್ಲಿರುವುದು ಈ ಕಡೆಯವರ ಪುಣ್ಯ. ಹಸುವಿನ ಚಿತ್ರ ತೋರಿಸಿ ಇದೇನು ಎಂದು ಕೇಳಿದರೆ ಮಾವ ಹಣೆ ಒರೆಸಿಕೊಳ್ಳುತ್ತಿದ್ದರು. ಅದೇ ಮನೆಯಲ್ಲಿ ಹಸು ಹಗ್ಗ ಬಿಚ್ಚಿಕೊಂಡರೆ ಬೈಗುಳ ಒಂದಕ್ಷರ ತಪ್ಪದೆ ಬರುತ್ತಿತ್ತು. ಬೈಗುಳ, ಎಣಿಕೆ, ಹಾಡಿನಂಥ ಅಭ್ಯಾಸದ ಮಾತುಗಳಿಗೆ ಮಿದುಳಿನಲ್ಲಿ ಬೇರೆ ದಾರಿಗಳಿವೆ, ಅವು ಎಷ್ಟೋ ಸಲ ಉಳಿದುಕೊಳ್ಳುತ್ತವೆ ಎಂದು ಅಲ್ಲಿಯವರು ವಿವರಿಸಿದರು. ಎಣಿಕೆಯಿಂದ ಶುರು ಮಾಡಿ ಎಂದರು.

ಈಗ ಅತ್ತೆ ಬೆಳಿಗ್ಗೆ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಎರಡು ಸಾಲು ಬರೆಯುತ್ತಾರೆ: ಮೇಲೆ ಕಟ್ಟೆಯ ಮಟ್ಟ, ಕೆಳಗೆ ಮಾವನ ಬಿ.ಪಿ. ಮಾವ ಎರಡನ್ನೂ ಗಟ್ಟಿಯಾಗಿ ಓದಬೇಕು. ಕಟ್ಟೆಯ ಮಟ್ಟ ಸಲೀಸಾಗಿ ಬರುತ್ತದೆ. ಬಿ.ಪಿ.ಯ ಹತ್ತಿರ ತಡವರಿಸುತ್ತಾರೆ.